ಒಂದೇ ಸುತ್ತಿನ ಹೈ, ಅದೇ ಸುತ್ತಿನ ಲೋ: ಆರ್ಡುಯಿನೊದಲ್ಲಿ ಪಲ್ಸ್ ಅಗಲ ಅಳೆಯುವ ಸರಿಯಾದ ದಾರಿ

ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಭತ್ತವನ್ನು ಕೆಳಗಿನ ಗುಂಡಿಯಿಂದ ಮೇಲಿನ ಮಷೀನಿಗೆ ಎತ್ತುವುದು ಬಕೆಟ್ ಎಲಿವೇಟರ್. ಅದರ ಮೋಟಾರ್ ಇರುವುದು ಮೇಲೆ. ಬೆಲ್ಟ್ ಸಡಿಲಾದರೆ ಮೇಲಿನ ಪುಲ್ಲಿ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ, ಕೆಳಗಿನ ಶಾಫ್ಟ್ ಮಾತ್ರ ನಿಧಾನ ಆಗುತ್ತದೆ. ಮೋಟಾರಿನ ಸದ್ದು ಬದಲಾಗದೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಬುಡದಲ್ಲಿ ಭತ್ತ ತುಂಬಿ ಎಲಿವೇಟರ್ ಜಾಮ್ ಆಗಿರುತ್ತದೆ.

ಕೆಳಗಿನ ಶಾಫ್ಟ್ ಹತ್ತಿರ ಒಂದು ಸೆನ್ಸರ್ ಇಟ್ಟು, ಅದರ ಪಲ್ಸನ್ನು ಆರ್ಡುಯಿನೊ ಬೋರ್ಡಿನಲ್ಲಿ (ನಾವೇ ಪ್ರೋಗ್ರಾಂ ಬರೆದು ಹಾಕುವ ಪುಟ್ಟ ಕಂಪ್ಯೂಟರ್) ಅಳೆದರೆ ಇದು ಮೊದಲೇ ತಿಳಿಯುತ್ತದೆ. ಬರೀ ವೇಗ ಸಾಕು ಅಂದರೆ ಪಲ್ಸ್ ಎಣಿಸಿದರೂ ನಡೆಯುತ್ತದೆ. ಆದರೆ ಪ್ರತಿ ಸುತ್ತಿನಲ್ಲೂ ಸಿಗ್ನಲ್ ಎಷ್ಟು ಹೊತ್ತು ಹೈ (ವೋಲ್ಟೇಜ್ ಮೇಲೆ) ಇತ್ತು, ಅದರ ಬೆನ್ನಿಗೇ ಎಷ್ಟು ಹೊತ್ತು ಲೋ (ಸೊನ್ನೆಯ ಹತ್ತಿರ) ಇತ್ತು ಅಂತ ಎರಡನ್ನೂ ಅಳೆದರೆ ಇನ್ನೂ ಜಾಸ್ತಿ ಸಿಗುತ್ತದೆ. ಸೆನ್ಸರ್ ಅಲುಗಿದೆಯಾ, ಬೇರಿಂಗ್ ಸವೆದಿದೆಯಾ ಅನ್ನುವುದೂ ಅದರಲ್ಲಿ ಕಾಣುತ್ತದೆ. ಷರತ್ತು ಒಂದೇ: ಎರಡೂ ಅಳತೆ ಒಂದೇ ಸುತ್ತಿನವಾಗಿರಬೇಕು. ತುಂಬಾ ಜನ ಎಡವುವುದು ಇಲ್ಲೇ, ಅದಕ್ಕೇ ಈ ಲೇಖನ.

ಇಲ್ಲಿ ಎಲಿವೇಟರ್ ಉದಾಹರಣೆ ತೆಗೆದುಕೊಂಡಿದ್ದೇನೆ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನ ಶಾಫ್ಟ್ ಆದರೂ ಸರಿ, ತಿರುಗುವ ಇನ್ಯಾವ ಶಾಫ್ಟ್ ಆದರೂ ಸರಿ, ವಿಧಾನ ಇದೇ.

ಪಲ್ಸ್‌ಇನ್ ಯಾಕೆ ಸಾಲದು

ಆರ್ಡುಯಿನೊ ಕಲಿತವರಿಗೆಲ್ಲ ಪಲ್ಸ್‌ಇನ್ ಫಂಕ್ಷನ್ ಗೊತ್ತು. ಹೈ ಬೇಕಾ, ಲೋ ಬೇಕಾ ಅಂತ ಹೇಳಿದರೆ ಅದರ ಅಗಲವನ್ನು ಮೈಕ್ರೋಸೆಕೆಂಡಿನಲ್ಲಿ ಕೊಡುತ್ತದೆ. ಹಾಗಾದರೆ ಮೊದಲು ಹೈಗೆ ಒಂದು ಸಲ, ಆಮೇಲೆ ಲೋಗೆ ಒಂದು ಸಲ ಕರೆದರೆ ಆಯಿತಲ್ವಾ? ಇಲ್ಲ.

ಪಲ್ಸ್‌ಇನ್ ಕೆಲಸ ಮಾಡುವ ರೀತಿ ನೋಡಿ. ಲೋ ಅಳೆ ಅಂತ ಹೇಳಿದಾಗ ಪಿನ್ ಆಗಲೇ ಲೋದಲ್ಲಿ ಇದ್ದರೆ, ಆ ಪಲ್ಸ್ ಅರ್ಧದಲ್ಲಿ ಸಿಕ್ಕಿದ್ದು ಅಂತ ಅದನ್ನು ಬಿಟ್ಟುಬಿಡುತ್ತದೆ. ಅದು ಮುಗಿಯುವವರೆಗೆ ಕಾಯುತ್ತದೆ, ನಂತರದ ಹೈ ಕೂಡ ಮುಗಿಯುವವರೆಗೆ ಕಾಯುತ್ತದೆ, ಅದರ ಮುಂದಿನ ಲೋ ಅಳೆಯುತ್ತದೆ. ಹೈ ಅಳೆದು ಮುಗಿಯುವ ಕ್ಷಣದಲ್ಲಿ ಪಿನ್ ಯಾವಾಗಲೂ ಲೋದಲ್ಲೇ ಇರುತ್ತದೆ. ಹಾಗಾಗಿ ನಿಮಗೆ ಸಿಗುವುದು ಮೊದಲ ಸುತ್ತಿನ ಹೈ, ಎರಡನೇ ಸುತ್ತಿನ ಲೋ. ಮತ್ತೆ ಹೈ ಕೇಳಿದರೆ ನಾಲ್ಕನೇ ಸುತ್ತಿನದು. ಮೂರು ಪಲ್ಸಿನಲ್ಲಿ ಒಂದು ಮಾತ್ರ ಅಳತೆಗೆ ಬರುತ್ತದೆ, ಎರಡು ಕಳೆದುಹೋಗುತ್ತವೆ.

ಕಾಟಾದಲ್ಲಿ ಒಂದು ಲಾರಿಯ ಲೋಡ್ ತೂಕ ಬರೆದುಕೊಂಡು, ಅದರಲ್ಲಿ ಇನ್ನೊಂದು ಲಾರಿಯ ಖಾಲಿ ತೂಕ ಕಳೆದ ಹಾಗೆ ಇದು. ಎರಡು ಲಾರಿಯೂ ಒಂದೇ ಥರ ಇದ್ದರೆ ಲೆಕ್ಕ ಸರಿ ಅನ್ನಿಸುತ್ತದೆ. ವೇಗ ಸ್ಥಿರವಾಗಿ ಇರುವ ಶಾಫ್ಟ್‌ನಲ್ಲೂ ಹಾಗೇ, ತಪ್ಪು ಕಾಣುವುದೇ ಇಲ್ಲ. ನಮಗೆ ಬೇಕಾಗಿರುವುದು ವೇಗ ಬದಲಾಗುವ ಹೊತ್ತಿನ ಅಳತೆ.

ಇನ್ನೊಂದು ತೊಂದರೆ ಟೈಮ್‌ಔಟ್, ಅಂದರೆ ಕಾಯುವ ಗಡುವು. ನೀವು ಬೇರೆ ಏನೂ ಹೇಳದಿದ್ದರೆ ಪಲ್ಸ್‌ಇನ್ 1 ಸೆಕೆಂಡಿನ ಲೆಕ್ಕ ಇಟ್ಟುಕೊಂಡಿರುತ್ತದೆ. ಕಾಯುವ ಹೊತ್ತು, ಅಳೆಯುವ ಹೊತ್ತು ಎರಡೂ ಅದರೊಳಗೇ ಸೇರುತ್ತವೆ. ಮೀರಿದರೆ ಸೊನ್ನೆ ವಾಪಸ್ ಬರುತ್ತದೆ. ಒಂದು ಸುತ್ತಿಗೆ ಅರ್ಧ ಸೆಕೆಂಡ್ ಹಿಡಿಯುವ ಶಾಫ್ಟ್‌ಗೆ ಅದು ಸಾಲದು ಅಂತಲೇ ಇಟ್ಟುಕೊಳ್ಳಿ. ಟೈಮ್‌ಔಟ್ ಜಾಸ್ತಿ ಮಾಡಬಹುದು, ಆದರೆ ಅಷ್ಟು ಹೊತ್ತೂ ಬೋರ್ಡ್ ಬೇರೆ ಯಾವ ಕೆಲಸವನ್ನೂ ನೋಡುವುದಿಲ್ಲ.

ಸೆನ್ಸರ್ ಮತ್ತು ವೈರಿಂಗ್

ಗಿರಣಿಯಲ್ಲಿ ಬೆಳಕಿನ ಸೆನ್ಸರ್ ಬೇಡ. ತೌಡು, ಹೊಟ್ಟಿನ ಧೂಳು ಕೂತರೆ ಅದರ ಕಣ್ಣು ಮುಚ್ಚಿಹೋಗುತ್ತದೆ. ಲೋಹ ಹತ್ತಿರ ಬಂದರೆ ಗುರುತಿಸುವ ಇಂಡಕ್ಟಿವ್ ಪ್ರಾಕ್ಸಿಮಿಟಿ ಸೆನ್ಸರ್ ತೆಗೆದುಕೊಳ್ಳಿ. 12 ಮಿಲಿಮೀಟರ್ ದಪ್ಪದ, ಮೂರು ವೈರಿನ, ಎನ್‌ಪಿಎನ್ ನಾರ್ಮಲಿ ಓಪನ್ ಜಾತಿಯದು (ಲೋಹ ಕಂಡಾಗ ಸಿಗ್ನಲ್ ವೈರನ್ನು ಮೈನಸ್‌ಗೆ ಸೇರಿಸುವಂಥದ್ದು) ಕಡಿಮೆ ಬೆಲೆಗೆ ಸಿಗುತ್ತದೆ. 4 ಮಿಲಿಮೀಟರ್ ದೂರದವರೆಗೆ ಕಬ್ಬಿಣ ಹಿಡಿಯುವ ಮಾದರಿ ಸಾಕು. ಕಂದು ವೈರ್ ಪ್ಲಸ್, ನೀಲಿ ಮೈನಸ್, ಕಪ್ಪು ಸಿಗ್ನಲ್.

ಕಪ್ಪು ವೈರನ್ನು ನೇರವಾಗಿ ಆರ್ಡುಯಿನೊ ಪಿನ್ನಿಗೆ ಕೊಡಬೇಡಿ. ಇಂಥ ಎಷ್ಟೋ ಸೆನ್ಸರ್‌ಗಳಲ್ಲಿ ಒಳಗೇ ಒಂದು ರೆಸಿಸ್ಟರ್ ಇದ್ದು, ಲೋಹ ಎದುರಿಲ್ಲದಾಗ ಕಪ್ಪು ವೈರ್ ಹೆಚ್ಚೂಕಡಿಮೆ 12 ವೋಲ್ಟಿಗೆ ಹೋಗಿ ಕೂರುತ್ತದೆ. 5 ವೋಲ್ಟಿನ ಪಿನ್ ಅದನ್ನು ತಡೆಯುವುದಿಲ್ಲ. ನಡುವೆ ಪಿಸಿ817 ಆಪ್ಟೋಕಪ್ಲರ್ ಹಾಕಿ, ಅದು ವೈರಿನ ಬದಲು ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ. 12 ವೋಲ್ಟ್‌ನಿಂದ 1 ಕಿಲೋಓಮ್ ರೆಸಿಸ್ಟರ್ ಮೂಲಕ ಆಪ್ಟೋಕಪ್ಲರ್ ಎಲ್‌ಇಡಿಯ ಆನೋಡ್, ಅದರ ಕ್ಯಾಥೋಡ್ ಕಪ್ಪು ವೈರಿಗೆ. ಆಚೆ ಬದಿಯಲ್ಲಿ ಎಮಿಟರ್ ಆರ್ಡುಯಿನೊ ಗ್ರೌಂಡಿಗೆ, ಕಲೆಕ್ಟರ್ ಪಿನ್ 2ಕ್ಕೆ. ಪಿನ್ 2ರಿಂದ 5 ವೋಲ್ಟಿಗೆ 4.7 ಕಿಲೋಓಮ್ ಪುಲ್‌ಅಪ್ (ಬೇರೇನೂ ಎಳೆಯದಿದ್ದಾಗ ಪಿನ್ನನ್ನು ಹೈನಲ್ಲಿ ಇಡುವ ರೆಸಿಸ್ಟರ್). ಮೋಟಾರ್ ಸ್ಟಾರ್ಟರ್ ಬಡಿದಾಗ ವೈರಿನಲ್ಲಿ ಬರುವ ಗದ್ದಲವೂ ಇದರಿಂದ ಬೋರ್ಡಿಗೆ ಕಡಿಮೆ ಮುಟ್ಟುತ್ತದೆ.

ಹೀಗೆ ಕಟ್ಟಿದರೆ ಸೆನ್ಸರ್ ಎದುರಿಗೆ ಲೋಹ ಬಂದಾಗ ಪಿನ್ ಲೋ, ಇಲ್ಲದಾಗ ಹೈ. ಉಲ್ಟಾ ಅಂತ ಗಾಬರಿ ಆಗಬೇಡಿ, ನೆನಪಿಟ್ಟುಕೊಂಡರೆ ಸಾಕು.

ಶಾಫ್ಟ್‌ಗೆ ಒಂದು ಕಬ್ಬಿಣದ ಪಟ್ಟಿ ಬಿಗಿಯಿರಿ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ: ಶಾಫ್ಟ್ ನಿಮಿಷಕ್ಕೆ 120 ಸುತ್ತು, ಅಂದರೆ ಒಂದು ಸುತ್ತಿಗೆ 500 ಮಿಲಿಸೆಕೆಂಡ್. ಪಟ್ಟಿಯ ಅಗಲ 30 ಮಿಲಿಮೀಟರ್, ಶಾಫ್ಟ್ ನಡುವಿನಿಂದ 80 ಮಿಲಿಮೀಟರ್ ದೂರ. ಆ ಸುತ್ತಳತೆ ಸುಮಾರು 503 ಮಿಲಿಮೀಟರ್. ಪಟ್ಟಿಯ ಪಾಲು ಹತ್ತಿರ ಹತ್ತಿರ ಶೇ 6. ಹಾಗಾಗಿ ಲೋ ಸುಮಾರು 30 ಮಿಲಿಸೆಕೆಂಡ್, ಹೈ 470 ಮಿಲಿಸೆಕೆಂಡ್ ಬರಬೇಕು. ಸೆನ್ಸರ್ ಪಟ್ಟಿಯ ಅಂಚನ್ನು ಎಷ್ಟು ದೂರದಿಂದ ಹಿಡಿಯುತ್ತದೆ ಅನ್ನುವುದರ ಮೇಲೆ ಇದು ಸ್ವಲ್ಪ ಆಚೀಚೆ ಆಗುತ್ತದೆ.

ಪಟ್ಟಿ ಬಿಗಿಯುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಗಿರಣಿಯಲ್ಲಿ ಸ್ಟಾರ್ಟರ್ ಒಂದು ಕಡೆ, ಶಾಫ್ಟ್ ಇನ್ನೊಂದು ಕಡೆ. ಯಾರು ಯಾವಾಗ ಬಟನ್ ಒತ್ತುತ್ತಾರೋ ಹೇಳಲಿಕ್ಕಾಗದು.

ಅಂಚು ಬಂದ ಕ್ಷಣ ಬರೆದಿಡುವುದು

ಪಲ್ಸಿಗಾಗಿ ಕಾಯುತ್ತಾ ಕೂರುವ ಬದಲು, ಸಿಗ್ನಲ್ ಬದಲಾದ ಪ್ರತಿ ಕ್ಷಣದಲ್ಲೂ ಗಡಿಯಾರ ನೋಡಿ ಬರೆದಿಡಬೇಕು. ಎರಡು ಅಂಚುಗಳ ನಡುವಿನ ವ್ಯತ್ಯಾಸವೇ ಪಲ್ಸಿನ ಅಗಲ. ಒಂದು ಪಲ್ಸ್ ಮುಗಿಯುವ ಅಂಚೇ ಮುಂದಿನದು ಶುರುವಾಗುವ ಅಂಚು. ಹಾಗಾಗಿ ಯಾವುದೂ ತಪ್ಪಿಹೋಗುವುದಿಲ್ಲ.

ಇದಕ್ಕೆ ಇಂಟರಪ್ಟ್ ಬೇಕು, ಅಂದರೆ ಪಿನ್ ಬದಲಾದ ತಕ್ಷಣ ಚಿಪ್ ಇದ್ದ ಕೆಲಸ ನಿಲ್ಲಿಸಿ ನಿಮ್ಮ ಫಂಕ್ಷನ್ ಕರೆಯುವ ಏರ್ಪಾಡು. ಆರ್ಡುಯಿನೊದ ಯೂನೊ ಮಾದರಿಯ ಬೋರ್ಡಿನಲ್ಲಿ ಪಿನ್ 2 ಮತ್ತು 3ಕ್ಕೆ ಈ ಸೌಲಭ್ಯ ಇದೆ. ಅಟ್ಯಾಚ್‌ಇಂಟರಪ್ಟ್ ಕರೆಯುವಾಗ ರೈಸಿಂಗ್ ಅಥವಾ ಫಾಲಿಂಗ್ ಕೊಡಬೇಡಿ, ಚೇಂಜ್ ಕೊಡಿ. ಏರುವ ಅಂಚಿಗೂ ಇಳಿಯುವ ಅಂಚಿಗೂ ಅದು ನಿಮ್ಮ ಫಂಕ್ಷನ್ ಕರೆಯುತ್ತದೆ. ಆ ಫಂಕ್ಷನ್ ಒಳಗೆ ಇಷ್ಟೇ ಕೆಲಸ (ಮೈಕ್ರೋಸ್ ಅಂದರೆ ಬೋರ್ಡ್ ಶುರುವಾದಾಗಿನಿಂದ ಕಳೆದ ಮೈಕ್ರೋಸೆಕೆಂಡ್ ಎಣಿಕೆ):

ಅಂಚು ಬಂದಾಗ
ಈಗ ← ಮೈಕ್ರೋಸ್ ಓದು
ಮಟ್ಟ ← ಪಿನ್ 2 ಓದು
ಮಟ್ಟವೂ ಹಳೆಮಟ್ಟವೂ ಒಂದೇ ಆದರೆ ವಾಪಸ್ ಹೋಗು
ಅಗಲ ← ಈಗ − ಹಿಂದಿನದು
ಅಗಲ, ಹಳೆಮಟ್ಟ ಎರಡನ್ನೂ ಸಾಲಿಗೆ ಸೇರಿಸು
ಹಿಂದಿನದು ← ಈಗ
ಹಳೆಮಟ್ಟ ← ಮಟ್ಟ

ಇದರಲ್ಲಿ ಎರಡು ಸೂಚನೆ ಗಮನಿಸಿ. ಸಾಲಿಗೆ ಸೇರಿಸುವುದು ಹಳೆಮಟ್ಟವನ್ನು, ಹೊಸದನ್ನಲ್ಲ. ಪಿನ್ ಈಗ ಹೈ ಆಯಿತು ಅಂದರೆ ಈಗ ತಾನೇ ಮುಗಿದದ್ದು ಲೋ. ಇಲ್ಲಿ ಅದಲುಬದಲಾದರೆ ಹೈ, ಲೋ ಎರಡರ ಹೆಸರೂ ತಿರುಗುಮುರುಗು ಆಗುತ್ತದೆ.

ಇನ್ನೊಂದು, ಮಟ್ಟ ಬದಲಾಗದಿದ್ದರೆ ಸುಮ್ನೆ ವಾಪಸ್ ಹೋಗುವ ಸೂಚನೆ. ಕೆಲವೇ ಮೈಕ್ರೋಸೆಕೆಂಡಿನ ಗದ್ದಲ ಬಂದರೆ ಇಂಟರಪ್ಟ್ ಏಳುತ್ತದೆ, ಆದರೆ ಪಿನ್ ಓದುವಷ್ಟರಲ್ಲಿ ಗದ್ದಲ ಹೋಗಿ ಮೊದಲಿನ ಮಟ್ಟವೇ ಇರುತ್ತದೆ. ಆಗ ಏನನ್ನೂ ಮುಟ್ಟದೆ ಹಿಂದಿರುಗಿದರೆ ಆ ಗದ್ದಲ ಅಳತೆಯಲ್ಲಿ ಸೇರುವುದೇ ಇಲ್ಲ. ಈ ಒಂದು ಸೂಚನೆ ಬಿಟ್ಟರೆ ಹೈ ಹಿಂದೆ ಹೈ, ಲೋ ಹಿಂದೆ ಲೋ ಬರಲು ಶುರುವಾಗಿ ಜೋಡಿಯೇ ಮುರಿದುಹೋಗುತ್ತದೆ.

ಅಳತೆ ಸೇರಿಸುವ ಸಾಲು ಅಂದರೆ 16 ಜಾಗದ ಒಂದು ಅರೇ. ಇಂಟರಪ್ಟ್ ಒಂದು ತುದಿಯಿಂದ ತುಂಬುತ್ತದೆ, ಮುಖ್ಯ ಲೂಪ್ ಇನ್ನೊಂದು ತುದಿಯಿಂದ ತೆಗೆಯುತ್ತದೆ. ತುಂಬಿದ್ದರೆ ಹೊಸದನ್ನು ಬಿಟ್ಟು, ಎಷ್ಟು ಬಿಟ್ಟೆವು ಅಂತ ಒಂದು ಎಣಿಕೆ ಇಡಿ. ಆ ಎಣಿಕೆ ಸೊನ್ನೆಯಲ್ಲೇ ಇರುವವರೆಗೆ ನಿಮ್ಮ ಜೋಡಿಗಳನ್ನು ನಂಬಬಹುದು.

ಇಂಟರಪ್ಟ್ ಮತ್ತು ಲೂಪ್ ಹಂಚಿಕೊಳ್ಳುವ ವೇರಿಯಬಲ್‌ಗಳಿಗೆಲ್ಲ ವೊಲಟೈಲ್ (ಪ್ರತಿ ಸಲವೂ ಮೆಮೊರಿಯಿಂದಲೇ ಓದು ಅನ್ನುವ ಸೂಚನೆ) ಅಂತ ಬರೆಯಿರಿ. ಸಮಯಕ್ಕೆ ಅನ್‌ಸೈನ್ಡ್ ಲಾಂಗ್ (ಮೈನಸ್ ಇಲ್ಲದ 32 ಬಿಟ್ಟಿನ ಸಂಖ್ಯೆ) ಬಳಸಿ. ಮೈಕ್ರೋಸ್ ಎಣಿಕೆ ಸುಮಾರು 71.6 ನಿಮಿಷಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ, ಆದರೆ ಅನ್‌ಸೈನ್ಡ್ ಕಳೆಯುವಿಕೆಯಲ್ಲಿ ಉತ್ತರ ಸರಿಯಾಗೇ ಬರುತ್ತದೆ. ಅದಕ್ಕೆ ಬೇರೆ ಉಪಾಯ ಮಾಡಲು ಹೋಗಬೇಡಿ. ಇಂಟರಪ್ಟ್ ಒಳಗೆ ಸೀರಿಯಲ್ ಪ್ರಿಂಟ್ ಕೂಡ ಬೇಡ. ಪ್ರಿಂಟ್ ಎಲ್ಲ ಮುಖ್ಯ ಲೂಪಿನಲ್ಲಿ, ಅದೂ 9600 ಬದಲು 115200 ವೇಗದಲ್ಲಿ. 9600ರಲ್ಲಿ ಇಪ್ಪತ್ತು ಅಕ್ಷರದ ಒಂದು ಸಾಲಿಗೇ ಸುಮಾರು 20 ಮಿಲಿಸೆಕೆಂಡ್ ಬೇಕು.

ಯೂನೊದಲ್ಲಿ ಮೈಕ್ರೋಸ್ 4 ಮೈಕ್ರೋಸೆಕೆಂಡಿನ ಮೆಟ್ಟಿಲಿನಲ್ಲಿ ಏರುತ್ತದೆ, ಇಂಟರಪ್ಟ್ ಶುರುವಾಗಲು ಇನ್ನೂ ಕೆಲವು ಮೈಕ್ರೋಸೆಕೆಂಡ್. 30 ಮಿಲಿಸೆಕೆಂಡಿನ ಪಲ್ಸಿಗೆ ಇದು ಲೆಕ್ಕಕ್ಕೇ ಇಲ್ಲ.

ಜೋಡಿ ಮಾಡುವುದು

ಮುಖ್ಯ ಲೂಪಿನಲ್ಲಿ ಸಾಲಿನಿಂದ ಒಂದೊಂದೇ ತೆಗೆಯಿರಿ. ಮೊದಲ ಅಳತೆಯನ್ನು ಬಿಸಾಡಿ, ಅದು ಎಲ್ಲಿಂದ ಶುರುವಾಯಿತು ಅಂತ ನಮಗೆ ಗೊತ್ತಿಲ್ಲ. ಹೈ ಬಂದರೆ ಇಟ್ಟುಕೊಳ್ಳಿ. ಅದರ ಬೆನ್ನಿಗೆ ಲೋ ಬಂದರೆ ಜೋಡಿ ಪೂರ್ತಿ ಆಯಿತು. ಎರಡನ್ನೂ ಕೂಡಿದರೆ ಒಂದು ಸುತ್ತಿನ ಹೊತ್ತು, ಲೋವನ್ನು ಆ ಮೊತ್ತದಿಂದ ಭಾಗಿಸಿದರೆ ಪಟ್ಟಿಯ ಪಾಲು.

ಇನ್ನು ಸ್ವಲ್ಪ ಅಗಲದ ಗದ್ದಲ, ಅಂದರೆ ಪಿನ್ ಓದಿದಾಗ ನಿಜವಾಗಿಯೂ ಬದಲಾಗಿ ಕಾಣುವಂಥದ್ದು. ಹೈ ನಡೆಯುತ್ತಿರುವಾಗ 60 ಮೈಕ್ರೋಸೆಕೆಂಡಿನ ಸುಳ್ಳು ಲೋ ಬಂತು ಅನ್ನಿ. ಸಾಲಿನಲ್ಲಿ 200 ಮಿಲಿಸೆಕೆಂಡ್ ಹೈ, 60 ಮೈಕ್ರೋಸೆಕೆಂಡ್ ಲೋ, ಸುಮಾರು 270 ಮಿಲಿಸೆಕೆಂಡ್ ಹೈ ಅಂತ ಮೂರು ಸೇರುತ್ತವೆ. ಸುಳ್ಳು ಲೋ ಒಂದನ್ನೇ ಕಿತ್ತು ಬಿಸಾಡಿದರೆ ಒಂದು ಹೈ ಎರಡು ತುಂಡಾಗಿಯೇ ಉಳಿಯುತ್ತದೆ. ಮೂರನ್ನೂ ಕೂಡಿ ಒಂದೇ ಹೈ ಮಾಡಬೇಕು. ನಮ್ಮ ನಿಜವಾದ ಪಲ್ಸ್‌ಗಳಲ್ಲಿ ತೀರಾ ಕಿರಿದು 30 ಮಿಲಿಸೆಕೆಂಡ್ ಇರುವುದರಿಂದ, 2 ಮಿಲಿಸೆಕೆಂಡಿಗಿಂತ ಕಡಿಮೆ ಇರುವುದನ್ನೆಲ್ಲ ಹೀಗೆ ಅಕ್ಕಪಕ್ಕದ ಜೊತೆ ಬೆಸೆದುಬಿಡಿ.

ಶಾಫ್ಟ್ ಪೂರ್ತಿ ನಿಂತರೆ? ಅಂಚೇ ಬರುವುದಿಲ್ಲ, ಇಂಟರಪ್ಟೂ ಇಲ್ಲ, ಪರದೆ ಮೇಲೆ ಹಳೆಯ ವೇಗವೇ ಚೆನ್ನಾಗಿ ಕಾಣುತ್ತಿರುತ್ತದೆ. ಇದು ಎಲ್ಲಕ್ಕಿಂತ ಅಪಾಯದ ಸ್ಥಿತಿ. ಅದಕ್ಕೆ ಲೂಪಿನಲ್ಲಿ ಕೊನೆಯ ಅಂಚು ಬಂದು ಎಷ್ಟು ಹೊತ್ತಾಯಿತು ಅಂತ ನೋಡುತ್ತಲೇ ಇರಬೇಕು. 2 ಸೆಕೆಂಡ್ ದಾಟಿದರೆ ನಿಂತಿದೆ ಅಂತ ಲೆಕ್ಕ. ಇಲ್ಲಿ ಕ್ರಮ ಮುಖ್ಯ. ಮೊದಲು ಇಂಟರಪ್ಟ್ ನಿಲ್ಲಿಸಿ 'ಹಿಂದಿನದು' ನಕಲು ಮಾಡಿಕೊಂಡು ಇಂಟರಪ್ಟ್ ಬಿಡಿ, ಆಮೇಲೆ ಮೈಕ್ರೋಸ್ ಓದಿ. ಉಲ್ಟಾ ಮಾಡಿದರೆ ನಡುವೆ ಅಂಚು ಬಂದಾಗ ಸಣ್ಣ ಸಂಖ್ಯೆಯಲ್ಲಿ ದೊಡ್ಡದನ್ನು ಕಳೆದ ಹಾಗಾಗಿ, ಅನ್‌ಸೈನ್ಡ್‌ನಲ್ಲಿ ಭಾರೀ ಸಂಖ್ಯೆ ಬಂದು ಸುಳ್ಳು ಅಲಾರಂ ಹೊಡೆಯುತ್ತದೆ. ನಕಲು ಮಾಡುವಾಗ ಇಂಟರಪ್ಟ್ ಯಾಕೆ ನಿಲ್ಲಿಸಬೇಕು ಅಂದರೆ, ಚಿಪ್ 8 ಬಿಟ್ಟಿನದು, ಸಂಖ್ಯೆ 32 ಬಿಟ್ಟಿನದು. ನಾಲ್ಕು ತುಂಡಾಗಿ ಓದುವ ನಡುವೆ ಅದು ಬದಲಾಗಿಬಿಡಬಹುದು.

ಗಿರಣಿಗೆ ಒಯ್ಯುವ ಮುಂಚೆ ಮೇಜಿನ ಮೇಲೆ

ಇನ್ನೊಂದು ಆರ್ಡುಯಿನೊ ಇದ್ದರೆ ಅದನ್ನು ಸಿಗ್ನಲ್ ಕೊಡಲು ಬಳಸಿ. ಒಂದೇ ಥರದ ಪಲ್ಸ್ ಕೊಟ್ಟು ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ನಾಲ್ಕೂ ಬೇರೆ ಬೇರೆ ಇರುವ ಮಾದರಿ ಬೇಕು: 3 ಮಿಲಿಸೆಕೆಂಡ್ ಹೈ, 5 ಲೋ, 7 ಹೈ, 11 ಲೋ, ಮತ್ತೆ ಮೊದಲಿನಿಂದ. ಆ ಬೋರ್ಡಿನ ಔಟ್‌ಪುಟ್ ಪಿನ್ನನ್ನು ಈ ಬೋರ್ಡಿನ ಪಿನ್ 2ಕ್ಕೆ ನೇರ ಕೊಟ್ಟು, ಎರಡರ ಗ್ರೌಂಡ್ ಸೇರಿಸಿ.

ಮೊದಲು ಪಲ್ಸ್‌ಇನ್‌ನಲ್ಲೇ ನೋಡಿ. ಒಂದಾದ ಮೇಲೊಂದು ಹೈ, ಲೋ ಕರೆದು ಅರೇಯಲ್ಲಿ ತುಂಬಿಕೊಂಡು, ಕೊನೆಗೆ ಒಟ್ಟಿಗೆ ಪ್ರಿಂಟ್ ಮಾಡಿ. 3, 11, 7, 5 ಅನ್ನುವ ಕ್ರಮ ಬರುತ್ತದೆ. ನಾಲ್ಕು ಸಂಖ್ಯೆಯೂ ನಿಜವಾದವೇ, ಆದರೆ 3ರ ಜೋಡಿ 5 ಆಗಬೇಕಿತ್ತು, 11 ಬಂದಿದೆ. ಈಗ ಇಂಟರಪ್ಟ್ ಕೋಡ್ ಹಾಕಿ. 3, 5, 7, 11 ಕ್ರಮದಲ್ಲೇ ಬರಬೇಕು. ಕೆಲವು ಮೈಕ್ರೋಸೆಕೆಂಡ್ ಆಚೀಚೆ ಇದ್ದರೆ ಪರವಾಗಿಲ್ಲ. ಇಲ್ಲಿ ಮಾತ್ರ 2 ಮಿಲಿಸೆಕೆಂಡಿನ ಬೆಸೆಯುವ ಮಿತಿ 3 ಮಿಲಿಸೆಕೆಂಡಿಗೆ ತುಂಬಾ ಹತ್ತಿರ ಇರುವುದರಿಂದ ಅದನ್ನು ಅರ್ಧ ಮಿಲಿಸೆಕೆಂಡಿಗೆ ಇಳಿಸಿಕೊಳ್ಳಿ.

ಅಂಕಿಗಳನ್ನು ಓದುವುದು

ಗಿರಣಿಯ ಮೇಸ್ತ್ರಿಯೊಬ್ಬರು ಹೇಳಿದ ಮಾತು ಚೆನ್ನಾಗಿ ನೆನಪಿದೆ. "ಬೆಲ್ಟ್ ಜಾರಾಕತ್ರ ಸುಟ್ಟ ರಬ್ಬರಿನ ವಾಸನಿ ಬರ್ತೈತ್ರಿ ಸರ. ಆದ್ರ ಅಷ್ಟೊತ್ತಿಗೆ ತಡ ಆಗಿರ್ತೈತಿ." ನಮ್ಮ ಅಂಕಿ ಆ ವಾಸನೆಗಿಂತ ಮುಂಚೆ ಮಾತಾಡಬೇಕು.

ಬೆಲ್ಟ್ ಬಿಗಿ ಮಾಡಿ, ಭತ್ತ ಹಾಕಿ ಓಡಿಸುವಾಗ ಬರುವ ಜೋಡಿಗಳನ್ನು ಬರೆದುಕೊಳ್ಳಿ. ಖಾಲಿ ಓಡುವಾಗಿನದು ಬೇಡ, ಲೋಡ್ ಇದ್ದಾಗಿನದೇ ನಿಮ್ಮ ಆಧಾರ. ಆಮೇಲೆ ನೋಡಬೇಕಾದದ್ದು ಇದು: ಸುತ್ತಿನ ಹೊತ್ತು 500ರಿಂದ 560ಕ್ಕೆ ಏರಿತು, ಪಟ್ಟಿಯ ಪಾಲು ಮಾತ್ರ ಶೇ 6ರಲ್ಲೇ ಇದೆ. ಆಗ ಶಾಫ್ಟ್ ನಿಜವಾಗಿ ನಿಧಾನ ಆಗಿದೆ, ಬೆಲ್ಟ್ ನೋಡಿ. ಸುತ್ತಿನ ಹೊತ್ತು 500ರಲ್ಲೇ ಇದ್ದು ಪಾಲು ಶೇ 6ರಿಂದ 4ಕ್ಕೆ ಇಳಿದರೆ ಬೆಲ್ಟ್‌ದು ತಪ್ಪಿಲ್ಲ. ಸೆನ್ಸರಿನ ನಟ್ ಸಡಿಲಾಗಿ ದೂರ ಸರಿದಿದೆ, ಇಲ್ಲವೇ ಪಟ್ಟಿ ಬಾಗಿದೆ. ಹೀಗೇ ಬಿಟ್ಟರೆ ನಾಳೆ ಪಲ್ಸೇ ಬರದೆ, ಓಡುತ್ತಿರುವ ಎಲಿವೇಟರ್ ನಿಂತಿದೆ ಅಂತ ಅಲಾರಂ ಬರುತ್ತದೆ. ಪಾಲು ಒಂದು ಸುತ್ತಿಗೆ 5, ಇನ್ನೊಂದು ಸುತ್ತಿಗೆ 7 ಅಂತ ಕುಣಿಯುತ್ತಿದ್ದರೆ ಶಾಫ್ಟ್ ಅಲುಗಾಡುತ್ತಿರಬಹುದು, ಬೇರಿಂಗ್ ಮುಟ್ಟಿ ನೋಡಿ, ಮಷೀನ್ ನಿಲ್ಲಿಸಿದ ಮೇಲೆ. ಬರೀ ವೇಗ ಅಳೆದವರಿಗೆ ಕೊನೆಯ ಎರಡೂ ಕಾಣುವುದಿಲ್ಲ. ಪಲ್ಸ್‌ಇನ್‌ನಲ್ಲಿ ಬೇರೆ ಬೇರೆ ಸುತ್ತಿನದನ್ನು ಜೋಡಿಸಿದವರಿಗೆ ವೇಗ ಏರಿಳಿದಾಗಲೆಲ್ಲ ಪಾಲು ಸುಮ್ಮಸುಮ್ಮನೆ ಕುಣಿದಂತೆ ಕಾಣುತ್ತದೆ.

ಪಾಲಿಗೆ ಇನ್ನೊಂದು ಲಾಭ ಇದೆ. ಯೂನೊ ಆರ್3 ಬೋರ್ಡಿನ ಮುಖ್ಯ ಚಿಪ್ಪಿಗೆ ಗಡಿಯಾರ ಕೊಡುವುದು ಕ್ರಿಸ್ಟಲ್ ಅಲ್ಲ, ಸೆರಾಮಿಕ್ ರೆಸೊನೇಟರ್. ಅದು ಕ್ರಿಸ್ಟಲ್ಲಿನಷ್ಟು ನಿಖರ ಅಲ್ಲ, ಬಿಸಿಗೆ ಸ್ವಲ್ಪ ಸರಿಯುತ್ತದೆ. ರಾಯಚೂರು, ಬಳ್ಳಾರಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ತಗಡಿನ ಶೆಡ್ಡಿನೊಳಗಿನ ಪೆಟ್ಟಿಗೆಯಲ್ಲಿ ಇನ್ನೂ ಜಾಸ್ತಿ. ಆದರೆ ಹೈ, ಲೋ ಎರಡನ್ನೂ ಅದೇ ಗಡಿಯಾರ ಅಳೆಯುವುದರಿಂದ ಪಾಲಿನಲ್ಲಿ ಆ ತಪ್ಪು ತಾನಾಗೇ ಹೋಗಿಬಿಡುತ್ತದೆ.

ಆಪ್ಟೋಕಪ್ಲರ್‌ದು ಇದಕ್ಕೆ ಉಲ್ಟಾ. ಪಿಸಿ817 ಬೇಗ ಆನ್ ಆಗುತ್ತದೆ, ತಡವಾಗಿ ಆಫ್ ಆಗುತ್ತದೆ. ದೊಡ್ಡ ಪುಲ್‌ಅಪ್ ಇದ್ದರೆ ಆ ತಡ ಹತ್ತಾರು ಮೈಕ್ರೋಸೆಕೆಂಡ್. ಆ ಹೊತ್ತು ಹೈಯಲ್ಲಿ ಕಡಿಮೆ ಆಗಿ ಲೋಗೆ ಸೇರುತ್ತದೆ. ಮೊತ್ತ ಸರಿ ಇರುತ್ತದೆ, ಪಾಲು ತಪ್ಪುತ್ತದೆ. ಎಲಿವೇಟರಿಗೆ ಇದು ಏನೂ ಅಲ್ಲ. ನೂರಿನ್ನೂರು ಮೈಕ್ರೋಸೆಕೆಂಡಿನ ಪಲ್ಸ್ ಅಳೆಯುವವರು ಮಾತ್ರ ಪುಲ್‌ಅಪ್ 1 ಕಿಲೋಓಮಿಗೆ ಇಳಿಸಿ, ಇಲ್ಲವೇ 6ಎನ್137 ಥರದ ವೇಗದ ಆಪ್ಟೋಕಪ್ಲರ್ ಹಾಕಿ.

ಎಷ್ಟು ನಿಧಾನ ಆದರೆ ಅಲಾರಂ? ಅಮೆರಿಕದ ಧಾನ್ಯ ಗೋದಾಮುಗಳ ಸುರಕ್ಷತಾ ನಿಯಮದಲ್ಲಿ, ಬೆಲ್ಟ್ ವೇಗ ಮಾಮೂಲಿಗಿಂತ ಶೇ 20 ಇಳಿಯುವುದರೊಳಗೆ ಎಲಿವೇಟರ್ ನಿಲ್ಲಬೇಕು ಅಂತ ಇದೆ. ಜಾರುವ ಬೆಲ್ಟ್ ಬಿಸಿಯಾಗಿ ಧೂಳಿಗೆ ಬೆಂಕಿ ಹತ್ತಬಹುದು ಅನ್ನುವುದು ಕಾರಣ. ಶೇ 10ಕ್ಕೆ ಬಝರ್, ಶೇ 20ಕ್ಕೆ ನಿಲುಗಡೆ ಅಂತ ಇಟ್ಟರೆ ನಮಗೂ ಸರಿ. ಐದಾರು ಜೋಡಿ ಸತತವಾಗಿ ಮಿತಿ ದಾಟಿದ ಮೇಲೆ ಮಾತ್ರ ಬಝರ್ ಹೊಡೆಯಲಿ. ಸ್ಟಾರ್ಟರ್ ನಿಲ್ಲಿಸುವ ರಿಲೇ ವೈರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಇನ್ನೂ ನಿಖರ ಬೇಕಾದವರಿಗೆ

4 ಮೈಕ್ರೋಸೆಕೆಂಡಿನ ಮೆಟ್ಟಿಲು ಸಾಲದು ಅನ್ನುವವರು ಯೂನೊದ ಪಿನ್ 8 ನೋಡಿ. ಅದು ಚಿಪ್ ಒಳಗಿನ ಟೈಮರ್ 1 ಅನ್ನುವ ಎಣಿಕೆ ಯಂತ್ರದ ಇನ್‌ಪುಟ್ ಕ್ಯಾಪ್ಚರ್ ಪಿನ್. ಅಂಚು ಬಂದ ಕ್ಷಣದ ಎಣಿಕೆಯನ್ನು ಹಾರ್ಡ್‌ವೇರೇ ಹಿಡಿದಿಡುತ್ತದೆ, ಇಂಟರಪ್ಟ್ ತಡವಾದರೂ ಅಳತೆ ಕೆಡುವುದಿಲ್ಲ. ಪ್ರೀಸ್ಕೇಲರ್ (ಗಡಿಯಾರದ ವೇಗ ಭಾಗಿಸುವ ಸಂಖ್ಯೆ) 8 ಇಟ್ಟರೆ ಒಂದು ಎಣಿಕೆಗೆ ಅರ್ಧ ಮೈಕ್ರೋಸೆಕೆಂಡ್. ಆರ್ಡುಯಿನೊ ಶುರುವಾಗುವಾಗ ಟೈಮರ್ 1ನ್ನು ಪಿಡಬ್ಲ್ಯೂಎಂಗೆ (ಪಲ್ಸ್ ಅಗಲ ಬದಲಿಸಿ ಔಟ್‌ಪುಟ್ ಕೊಡುವ ವಿಧಾನ) ಸಿದ್ಧ ಮಾಡಿ ಇಟ್ಟಿರುತ್ತದೆ, ಆದ್ದರಿಂದ ಅದರ ಎ ಕಂಟ್ರೋಲ್ ರಿಜಿಸ್ಟರನ್ನು ಮೊದಲು ಸೊನ್ನೆ ಮಾಡಿ. ಒಂದು ಸಲಕ್ಕೆ ಒಂದೇ ಥರದ ಅಂಚು ಹಿಡಿಯುವುದರಿಂದ, ಪ್ರತಿ ಅಂಚಿನ ನಂತರ ಅಂಚು ಆರಿಸುವ ಬಿಟ್ ತಿರುಗಿಸಿ, ಕ್ಯಾಪ್ಚರ್ ಫ್ಲ್ಯಾಗ್‌ಗೆ 1 ಬರೆದು ಅದನ್ನು ತೆರವು ಮಾಡಿ. ಎಣಿಕೆ 32.768 ಮಿಲಿಸೆಕೆಂಡಿಗೊಮ್ಮೆ ಸೊನ್ನೆಗೆ ಬರುತ್ತದೆ, ಅದಕ್ಕಿಂತ ಅಗಲದ ಪಲ್ಸಿಗೆ ಓವರ್‌ಫ್ಲೋಗಳನ್ನೂ ಎಣಿಸಬೇಕು. ಕ್ಯಾಪ್ಚರ್ ಇಂಟರಪ್ಟ್ ಒಳಗಿರುವಾಗ ಓವರ್‌ಫ್ಲೋ ಫ್ಲ್ಯಾಗ್ ಎದ್ದಿದ್ದು, ಹಿಡಿದ ಎಣಿಕೆ 32768ಕ್ಕಿಂತ ಕಡಿಮೆ ಇದ್ದರೆ ಒಂದು ಓವರ್‌ಫ್ಲೋ ಜಾಸ್ತಿ ಸೇರಿಸಿ. ಇದಕ್ಕೆ ಟೈಮರ್ 1 ಕೊಟ್ಟ ಮೇಲೆ ಸರ್ವೋ ಲೈಬ್ರರಿ, ಪಿನ್ 9 ಮತ್ತು 10ರ ಪಿಡಬ್ಲ್ಯೂಎಂ ಎರಡೂ ಸಿಗುವುದಿಲ್ಲ.

ಆರ್ಡುಯಿನೊ ಬದಲು ಇಎಸ್‌ಪಿ32 ಚಿಪ್ಪಿನ ಬೋರ್ಡ್ ಇಟ್ಟುಕೊಂಡವರಿಗೆ ಅದರಲ್ಲಿ ಪಲ್ಸ್ ಕಳಿಸಲು, ಹಿಡಿಯಲು ಇರುವ ಆರ್‌ಎಂಟಿ ಭಾಗ ಇದೇ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. 32 ಬಿಟ್ಟಿನ ಒಂದು ಪದದಲ್ಲಿ ಎರಡು ಅಳತೆ ಇಡುತ್ತದೆ, ಪ್ರತಿಯೊಂದಕ್ಕೂ 15 ಬಿಟ್ ಅಗಲ, 1 ಬಿಟ್ ಮಟ್ಟ. ಅಂದರೆ ಬೆನ್ನಿಂದ ಬೆನ್ನಿಗೆ ಬಂದ ಹೈ, ಲೋ ಜೋಡಿಯಾಗೇ ಕೈಗೆ ಬರುತ್ತವೆ. ಅಗಲಕ್ಕೆ ಇರುವುದು 15 ಬಿಟ್ ಮಾತ್ರ, 32767 ದಾಟದ ಹಾಗೆ ಗಡಿಯಾರದ ವೇಗ ಇಳಿಸಿಕೊಳ್ಳಿ. ಇದರ ಪಿನ್‌ಗಳು 3.3 ವೋಲ್ಟಿನವು, ಪುಲ್‌ಅಪ್ ರೆಸಿಸ್ಟರನ್ನು 5 ವೋಲ್ಟಿಗಲ್ಲ, 3.3 ವೋಲ್ಟಿಗೇ ಕಟ್ಟಿ.